ಎಚ್‌ಡಿ ಡಿಸ್ಕ್‌ಗಳ ಬೆಲೆ ಸಮರ: ರಿಯಾಯಿತಿ, ಉಚಿತ ಕೊಡುಗೆಗಳಿಂದ ಗೆದ್ದವರಾರು, ಸೋತವರಾರು?

2007ರ ನವೆಂಬರ್ 2, ಶುಕ್ರವಾರ. ಅಮೆರಿಕದ ವಾಲ್‌ಮಾರ್ಟ್ ಮಳಿಗೆಗಳಲ್ಲಿ ತೋಷಿಬಾ ಕಂಪನಿಯ ಎಚ್‌ಡಿ ಡಿವಿಡಿ ಪ್ಲೇಯರ್ 98.87 ಡಾಲರ್‌ಗೆ ಮಾರಾಟಕ್ಕೆ ಬಂತು. ಆಗಿನ ವಿನಿಮಯ ದರದಲ್ಲಿ ಸುಮಾರು 3,900 ರೂಪಾಯಿ. ಒಂದೂವರೆ ವರ್ಷದ ಹಿಂದೆ ಇದೇ ಕಂಪನಿಯ ಮೊದಲ ಪ್ಲೇಯರ್‌ಗೆ 499 ಡಾಲರ್ ಬೆಲೆಯಿತ್ತು. ಇನ್ನೊಂದು ದೊಡ್ಡ ಸರಣಿ ಮಳಿಗೆ ಬೆಸ್ಟ್ ಬೈ ಕೂಡ ಬೆಲೆಯನ್ನು ನೂರು ಡಾಲರ್‌ಗೆ ಇಳಿಸಿತು. ಆ ವಾರಾಂತ್ಯದಲ್ಲಿ ಸುಮಾರು 90,000 ಪ್ಲೇಯರ್‌ಗಳು ಖರ್ಚಾದವು ಎಂದು ಆಗ ವರದಿಯಾಗಿತ್ತು.

ಇಷ್ಟು ಭರ್ಜರಿ ಮಾರಾಟ ಕಂಡ ತಂತ್ರಜ್ಞಾನ ಗೆದ್ದೇ ತೀರುತ್ತದೆ ಎಂದು ಯಾರಾದರೂ ಭಾವಿಸಿಯಾರು. ಆದರೆ ಆದದ್ದೇ ಬೇರೆ. ಮೂರೂವರೆ ತಿಂಗಳಲ್ಲಿ, 2008ರ ಫೆಬ್ರುವರಿ 19ರಂದು, ಎಚ್‌ಡಿ ಡಿವಿಡಿ ವ್ಯವಹಾರವನ್ನೇ ಮುಚ್ಚುವುದಾಗಿ ತೋಷಿಬಾ ಪ್ರಕಟಿಸಿತು. ಅಗ್ಗಕ್ಕೆ ಸಿಕ್ಕಿತೆಂದು ಪ್ಲೇಯರ್ ಕೊಂಡವರ ಕೈಯಲ್ಲಿ ಹೊಸ ಚಿತ್ರಗಳೇ ಬಾರದ ಯಂತ್ರ ಉಳಿಯಿತು.

ಬೆಲೆ ಇಳಿಸಿದರೆ ಜನ ಕೊಳ್ಳುತ್ತಾರೆ ಎಂಬುದು ವ್ಯಾಪಾರದ ಮೊದಲ ಪಾಠ. ಆದರೆ ಯಾವುದರ ಬೆಲೆ ಇಳಿಸಬೇಕು, ಎಷ್ಟು ಇಳಿಸಬೇಕು, ಯಾರಿಗಾಗಿ ಇಳಿಸಬೇಕು ಎಂಬುದು ಅಷ್ಟು ಸುಲಭದ ಲೆಕ್ಕವಲ್ಲ. ಮನೆಯಲ್ಲಿ ಎಚ್‌ಡಿ ಚಿತ್ರ ನೋಡುವ ಅಭ್ಯಾಸ ಬೆಳೆದ ಕಥೆಯಲ್ಲಿ ಈ ಲೆಕ್ಕ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬ ವಿವರ ಇಲ್ಲಿದೆ.

ಎರಡು ಡಿಸ್ಕ್, ಒಂದೇ ಉದ್ದೇಶ

ಸಾಮಾನ್ಯ ಡಿವಿಡಿಯ ಒಂದು ಪದರದಲ್ಲಿ 4.7 ಗಿಗಾಬೈಟ್, ಎರಡು ಪದರದಲ್ಲಿ 8.5 ಗಿಗಾಬೈಟ್ ಮಾಹಿತಿ ಹಿಡಿಯುತ್ತದೆ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯಲ್ಲಿ ಅದರ ಚಿತ್ರಕ್ಕೆ 576 ಗೆರೆಗಳು, ಅಮೆರಿಕದ ಪದ್ಧತಿಯಲ್ಲಿ 480 ಗೆರೆಗಳು. ಎಚ್‌ಡಿ ಎಂದರೆ 1080 ಗೆರೆಗಳ ಚಿತ್ರ. ಇಷ್ಟು ಮಾಹಿತಿ ತುಂಬಲು ಡಿವಿಡಿಯ ಕೆಂಪು ಲೇಸರ್ ಸಾಲದು. ಹಾಗಾಗಿ ಇನ್ನೂ ಸಣ್ಣ ಗುರುತುಗಳನ್ನು ಓದಬಲ್ಲ ನೀಲಿ-ನೇರಳೆ ಲೇಸರ್ ಬಂತು.

ಇದೇ ಲೇಸರ್ ಬಳಸಿ ಎರಡು ಬಣಗಳು ಎರಡು ಡಿಸ್ಕ್ ತಯಾರಿಸಿದವು. ತೋಷಿಬಾ ನೇತೃತ್ವದ ಎಚ್‌ಡಿ ಡಿವಿಡಿಯಲ್ಲಿ 15 ಅಥವಾ 30 ಗಿಗಾಬೈಟ್ ಜಾಗ. ಸೋನಿ ಮತ್ತಿತರ ಕಂಪನಿಗಳ ಬ್ಲೂ-ರೇಯಲ್ಲಿ 25 ಅಥವಾ 50 ಗಿಗಾಬೈಟ್. ಒಂದರ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡುತ್ತಿರಲಿಲ್ಲ.

ಬೆಲೆಯ ಜಗಳ ಶುರುವಾದದ್ದೇ ಕಾರ್ಖಾನೆಯಲ್ಲಿ. ಎಚ್‌ಡಿ ಡಿವಿಡಿಯ ಒಳರಚನೆ ಡಿವಿಡಿಯಂತೆಯೇ ಇದ್ದುದರಿಂದ ಹಳೆಯ ಡಿವಿಡಿ ಯಂತ್ರಗಳನ್ನೇ ಸ್ವಲ್ಪ ಬದಲಿಸಿ ಅದನ್ನು ತಯಾರಿಸಬಹುದಿತ್ತು. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಡಿಸ್ಕಿನ ಮೇಲ್ಮೈಗೆ ತೀರಾ ಹತ್ತಿರ. ಅದಕ್ಕೆ ಹೊಸ ಯಂತ್ರಗಳು, ಗೀರು ಬೀಳದಂತೆ ಗಟ್ಟಿ ಲೇಪನ ಬೇಕಾಯಿತು. 'ನಮ್ಮದು ಅಗ್ಗ' ಎಂಬುದು ತೋಷಿಬಾ ಬಣದ ವಾದವಾದರೆ, 'ನಮ್ಮದರಲ್ಲಿ ಜಾಗ ಹೆಚ್ಚು' ಎಂಬುದು ಸೋನಿ ಬಣದ ವಾದವಾಯಿತು.

ಡಿವಿಡಿ ಕಲಿಸಿದ ಪಾಠ

ಡಿಸ್ಕ್ ಬೆಲೆಯ ಮಹತ್ವ ಗೊತ್ತಾಗಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ವಿಎಚ್‌ಎಸ್ ಕ್ಯಾಸೆಟ್ ಕಾಲದಲ್ಲಿ ಹಾಲಿವುಡ್ ಸ್ಟುಡಿಯೊಗಳು ಬಹುತೇಕ ಹೊಸ ಚಿತ್ರಗಳ ಕ್ಯಾಸೆಟ್‌ಗೆ ನೂರು ಡಾಲರ್ ಆಸುಪಾಸಿನ ಬೆಲೆ ಇಡುತ್ತಿದ್ದವು. ಆ ಬೆಲೆ ಜನರಿಗಲ್ಲ, ಬಾಡಿಗೆ ಅಂಗಡಿಗಳಿಗೆ. ಜನ ಎರಡು-ಮೂರು ಡಾಲರ್ ಕೊಟ್ಟು ಬಾಡಿಗೆಗೆ ತರುತ್ತಿದ್ದರು. ನಮ್ಮ ಊರುಗಳ ವಿಡಿಯೊ ಲೈಬ್ರರಿಗಳಿಂದ ಕ್ಯಾಸೆಟ್ ತಂದು ನೋಡಿದವರಿಗೆ ಈ ಪದ್ಧತಿಯ ಪರಿಚಯ ಇದ್ದೇ ಇದೆ.

1997ರಲ್ಲಿ ಅಮೆರಿಕಕ್ಕೆ ಡಿವಿಡಿ ಬಂದಾಗ ವಾರ್ನರ್ ಹೋಮ್ ವಿಡಿಯೊದ ಮುಖ್ಯಸ್ಥ ವಾರನ್ ಲೀಬರ್‌ಫಾರ್ಬ್ ಬೇರೆ ದಾರಿ ಹಿಡಿದರು. ಮೊದಲ ದಿನದಿಂದಲೇ ಜನ ಕೊಂಡು ಮನೆಯಲ್ಲಿಟ್ಟುಕೊಳ್ಳುವಂಥ ಬೆಲೆ, ಅಂದರೆ ಇಪ್ಪತ್ತೈದು ಡಾಲರ್ ಒಳಗೆ ಡಿಸ್ಕ್ ಮಾರಬೇಕು ಎಂಬುದು ಅವರ ನಿಲುವು. ಪುಸ್ತಕದಂತೆ ಚಿತ್ರವನ್ನೂ ಕೊಳ್ಳುವ ಅಭ್ಯಾಸ ಹುಟ್ಟಿದ್ದು ಹೀಗೆ. ಪ್ಲೇಯರ್ ಬೆಲೆಯೂ ವರ್ಷದಿಂದ ವರ್ಷಕ್ಕೆ ಇಳಿಯಿತು. ಡಿವಿಡಿ ಮನೆಮನೆಗೆ ತಲುಪಿತು.

ಅದೇ ಹೊತ್ತಿನಲ್ಲಿ ತದ್ವಿರುದ್ಧ ಪ್ರಯೋಗವೂ ನಡೆಯಿತು. ಸರ್ಕಿಟ್ ಸಿಟಿ ಎಂಬ ಮಳಿಗೆ ಸರಣಿ 1998ರಲ್ಲಿ 'ಡಿವ್‌ಎಕ್ಸ್' ಎಂಬ ಡಿಸ್ಕ್ ತಂದಿತು. ಬೆಲೆ ಸುಮಾರು ನಾಲ್ಕೂವರೆ ಡಾಲರ್ ಮಾತ್ರ. ಆದರೆ ಮೊದಲ ಬಾರಿ ನೋಡಿದ ಮೇಲೆ 48 ಗಂಟೆಯಷ್ಟೇ ಅವಕಾಶ; ಆಮೇಲೆ ನೋಡಬೇಕಾದರೆ ಮತ್ತೆ ಹಣ ಕಟ್ಟಬೇಕು. ಅದಕ್ಕೆ ವಿಶೇಷ ಪ್ಲೇಯರ್, ಫೋನ್ ಸಂಪರ್ಕ ಬೇರೆ. 1999ರ ಜೂನ್‌ನಲ್ಲೇ ಅದು ಮುಚ್ಚಿತು. ಡಿವಿಡಿಗಿಂತ ಎಷ್ಟೋ ಅಗ್ಗವಾಗಿದ್ದರೂ ಜನ ಒಪ್ಪಲಿಲ್ಲ. ಕೊಟ್ಟ ಹಣಕ್ಕೆ ವಸ್ತು ತಮ್ಮದಾಗಿ ಉಳಿಯುತ್ತದೆಯೇ ಎಂಬುದನ್ನೂ ಗ್ರಾಹಕ ನೋಡುತ್ತಾನೆ ಎಂಬುದು ಅಲ್ಲಿ ಸಿಕ್ಕ ಪಾಠ.

ಪ್ಲೇಯರ್ ಬೆಲೆ ಇಳಿದ ವೇಗ

2006ರಿಂದ 2008ರ ವರೆಗೆ ಅಮೆರಿಕದಲ್ಲಿ ಬೆಲೆಗಳು ಸಾಗಿದ ಹಾದಿ ಹೀಗಿದೆ:

* 2006 ಏಪ್ರಿಲ್: ತೋಷಿಬಾದ ಮೊದಲ ಎಚ್‌ಡಿ ಡಿವಿಡಿ ಪ್ಲೇಯರ್, 499 ಡಾಲರ್.
* 2006 ಜೂನ್: ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಪ್ಲೇಯರ್, 999 ಡಾಲರ್.
* 2006 ನವೆಂಬರ್: ಬ್ಲೂ-ರೇ ಓದಬಲ್ಲ ಸೋನಿ ಪ್ಲೇಸ್ಟೇಷನ್ 3, 499 ಮತ್ತು 599 ಡಾಲರ್. ಅದೇ ತಿಂಗಳು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ಕ್ಕೆ ಜೋಡಿಸುವ ಎಚ್‌ಡಿ ಡಿವಿಡಿ ಡ್ರೈವ್, 199 ಡಾಲರ್.
* 2007 ನವೆಂಬರ್: ತೋಷಿಬಾ ಪ್ಲೇಯರ್ ವಿಶೇಷ ಮಾರಾಟದಲ್ಲಿ ನೂರು ಡಾಲರ್ ಒಳಗೆ.
* 2008 ಜನವರಿ: ತೋಷಿಬಾದ ಆರಂಭಿಕ ಮಾದರಿಯ ಅಧಿಕೃತ ಬೆಲೆಯೇ 150 ಡಾಲರ್‌ಗೆ ಇಳಿಕೆ.

ಅಂಗಡಿಯ ಕಪಾಟಿನಲ್ಲಿ ಎಚ್‌ಡಿ ಡಿವಿಡಿಯೇ ಅಗ್ಗ. ಆದರೆ ಬ್ಲೂ-ರೇ ಬಣದ ಕೈಯಲ್ಲಿ ಪ್ಲೇಸ್ಟೇಷನ್ 3 ಎಂಬ ಅಸ್ತ್ರವಿತ್ತು. ಸೋನಿ ಅದನ್ನು ತಯಾರಿಕಾ ವೆಚ್ಚಕ್ಕಿಂತ ಕಡಿಮೆ ಬೆಲೆಗೆ, ನಷ್ಟದಲ್ಲಿ ಮಾರುತ್ತಿತ್ತು. ಆಟಕ್ಕೆಂದು ಕೊಂಡವರ ಮನೆಗೆ ಬ್ಲೂ-ರೇ ಪ್ಲೇಯರ್ ಕೂಡ ತಾನಾಗಿ ಬಂತು. 2007ರ ಕೊನೆಗೆ ವಿಶ್ವದಾದ್ಯಂತ ಸುಮಾರು ಒಂದು ಕೋಟಿ ಪ್ಲೇಸ್ಟೇಷನ್ 3 ಅಂಗಡಿಗಳಿಗೆ ರವಾನೆಯಾಗಿತ್ತು. ಎಕ್ಸ್‌ಬಾಕ್ಸ್ ಇದ್ದವರು ಮಾತ್ರ ಡ್ರೈವ್‌ಗೆ ಬೇರೆಯಾಗಿ ಹಣ ಕೊಡಬೇಕಿತ್ತು, ಹೆಚ್ಚಿನವರು ಕೊಡಲಿಲ್ಲ.

ಐದು ಡಿಸ್ಕ್ ಉಚಿತ!

ಇನ್ನು ಮಾರಾಟದ ಕೊಡುಗೆಗಳತ್ತ ಬರೋಣ. ತೋಷಿಬಾ ಪ್ಲೇಯರ್ ಕೊಂಡವರಿಗೆ ಐದು ಎಚ್‌ಡಿ ಡಿವಿಡಿ ಉಚಿತ ಎಂಬ ಯೋಜನೆ ಬಂತು. ಗ್ರಾಹಕ ರಸೀದಿ, ಪೆಟ್ಟಿಗೆಯ ಮೇಲಿನ ಬಾರ್‌ಕೋಡ್ ತುಂಡನ್ನು ಅಂಚೆಯಲ್ಲಿ ಕಳುಹಿಸಬೇಕು, ಕೊಟ್ಟ ಪಟ್ಟಿಯಿಂದ ಚಿತ್ರ ಆರಿಸಬೇಕು, ಕೆಲವು ವಾರ ಕಾಯಬೇಕು. ಬ್ಲೂ-ರೇ ಬಣವೂ ಸುಮ್ಮನಿರದೆ ಐದು ಡಿಸ್ಕ್‌ಗಳ ಇದೇ ಬಗೆಯ ಕೊಡುಗೆ ನೀಡಿತು. ಪ್ಲೇಸ್ಟೇಷನ್ 3 ಬಿಡುಗಡೆಯಾದಾಗ ಅಮೆರಿಕದ ಮೊದಲ ಐದು ಲಕ್ಷ ಯಂತ್ರಗಳ ಜೊತೆ 'ಟಲ್ಲಡೇಗಾ ನೈಟ್ಸ್' ಚಿತ್ರದ ಬ್ಲೂ-ರೇ ಉಚಿತವಾಗಿತ್ತು.

ಇಂಥ ಕೊಡುಗೆ ಎರಡು ಕೆಲಸ ಮಾಡುತ್ತದೆ. ಒಂದು, ಹೊಸ ಪ್ಲೇಯರ್ ಮನೆಗೆ ತಂದ ದಿನ ನೋಡಲು ಏನೂ ಇಲ್ಲ ಎಂಬ ಕೊರಗು ತಪ್ಪುತ್ತದೆ. ಎರಡು, ಕೈಯಲ್ಲಿ ಐದು ಡಿಸ್ಕ್ ಇರುವವನು ಆರನೆಯದನ್ನೂ ಅದೇ ಬಣದಿಂದ ಕೊಳ್ಳುತ್ತಾನೆ. ಬೇರೆಡೆಗೆ ಹೋಗಲು ಮನಸ್ಸು ಬಾರದು.

ಆದರೆ ಅದಕ್ಕೊಂದು ಮಿತಿಯೂ ಇದೆ. ಒಂದು ಲೆಕ್ಕ ಹಾಕಿ ನೋಡಿ. ಪ್ಲೇಯರ್ 99 ಡಾಲರ್. ಮುಂದಿನ ಎರಡು ವರ್ಷದಲ್ಲಿ ತಲಾ 25 ಡಾಲರ್‌ನಂತೆ 20 ಡಿಸ್ಕ್ ಕೊಂಡರೆ 500 ಡಾಲರ್. ಒಟ್ಟು ಖರ್ಚಿನಲ್ಲಿ ಪ್ಲೇಯರ್ ಪಾಲು ಆರನೇ ಒಂದು ಭಾಗ ಅಷ್ಟೇ. ಪ್ಲೇಯರ್ ಖರ್ಚು ಒಮ್ಮೆ ಮುಗಿಯುತ್ತದೆ. ಡಿಸ್ಕ್ ಖರ್ಚು ಮುಗಿಯುವುದೇ ಇಲ್ಲ. ನೂರು ಡಾಲರ್ ಎಂದು ಪ್ಲೇಯರ್ ಕೊಂಡವರಲ್ಲಿ ಅನೇಕರು ಬೆಲೆಯ ಬಗ್ಗೆ ಎಚ್ಚರ ಇರುವವರು. ಅವರು ಎಚ್‌ಡಿ ಡಿಸ್ಕಿಗೆ ಡಿವಿಡಿಯ ಒಂದೂವರೆ ಪಟ್ಟು ಹಣ ಕೊಡಲು ಹಿಂದೆಮುಂದೆ ನೋಡುವುದು ಸಹಜ. ಪ್ಲೇಯರ್ ಅವರ ಹಳೆಯ ಡಿವಿಡಿಗಳನ್ನೂ ಚೆನ್ನಾಗಿಯೇ ಓಡಿಸುತ್ತಿತ್ತು.

ವಾರದ ಅಂಕಿಗಳ ಆಟ

ಬ್ಲೂ-ರೇ ಬಣ ಡಿಸ್ಕ್ ಮಾರಾಟದ ಮೇಲೆ ಹೆಚ್ಚು ಗಮನ ಇಟ್ಟಿತು. 2007ರಲ್ಲಿ ಅಮೆಜಾನ್‌ನಂಥ ಮಾರಾಟಗಾರರಲ್ಲಿ 'ಒಂದು ಕೊಂಡರೆ ಒಂದು ಉಚಿತ' ಕೊಡುಗೆಗಳು ಮತ್ತೆ ಮತ್ತೆ ಬಂದವು. ಮೂವತ್ತು ಡಾಲರ್‌ನ ಡಿಸ್ಕ್ ಹೀಗೆ ಹದಿನೈದಕ್ಕೆ ಬಿತ್ತು, ಅಂದರೆ ಡಿವಿಡಿಯ ಬೆಲೆಗೆ ಎಚ್‌ಡಿ.

ಇದರ ಲಾಭ ಮಾರಾಟದ ಹಣಕ್ಕಿಂತ ಹೆಚ್ಚಾಗಿ ಅಂಕಿಗಳಲ್ಲಿ ಸಿಕ್ಕಿತು. ನೀಲ್ಸನ್ ಸಂಸ್ಥೆ ವಾರವಾರ ಎರಡೂ ಡಿಸ್ಕ್‌ಗಳ ಮಾರಾಟದ ಪಾಲನ್ನು ಲೆಕ್ಕ ಹಾಕುತ್ತಿತ್ತು. 2007ರ ಬಹುಪಾಲು ಅವಧಿಯಲ್ಲಿ ಎರಡು ಬ್ಲೂ-ರೇ ಮಾರಾಟವಾದರೆ ಒಂದು ಎಚ್‌ಡಿ ಡಿವಿಡಿ ಎಂಬಷ್ಟು ಅಂತರ ಇತ್ತು. ಪ್ಲೇಯರ್ ಎಷ್ಟು ಅಗ್ಗ ಎಂಬುದಕ್ಕಿಂತ ಡಿಸ್ಕ್ ಎಷ್ಟು ಖರ್ಚಾಗುತ್ತಿದೆ ಎಂಬುದೇ ಅಂಗಡಿಯವರಿಗೂ ಸ್ಟುಡಿಯೊಗಳಿಗೂ ಮುಖ್ಯ. ಅವರ ಸಂಪಾದನೆ ಇರುವುದು ಅಲ್ಲೇ. 2007ರ ಜೂನ್‌ನಲ್ಲಿ ಬಾಡಿಗೆ ಸರಣಿ ಬ್ಲಾಕ್‌ಬಸ್ಟರ್ ತನ್ನ ಬಹುತೇಕ ಮಳಿಗೆಗಳಲ್ಲಿ ಬ್ಲೂ-ರೇ ಮಾತ್ರ ಇಡುವುದಾಗಿ ಪ್ರಕಟಿಸಿತು.

ಎಚ್‌ಡಿ ಡಿವಿಡಿ ಬಣದ ಇನ್ನೊಂದು ಎಡವಟ್ಟು 'ಕಾಂಬೊ' ಡಿಸ್ಕ್. ಒಂದು ಬದಿಯಲ್ಲಿ ಎಚ್‌ಡಿ ಡಿವಿಡಿ, ಇನ್ನೊಂದು ಬದಿಯಲ್ಲಿ ಸಾಮಾನ್ಯ ಡಿವಿಡಿ. ಯೋಚನೆ ಒಳ್ಳೆಯದೇ: ಇವತ್ತು ಡಿವಿಡಿಯಾಗಿ ನೋಡಿ, ನಾಳೆ ಎಚ್‌ಡಿ ಪ್ಲೇಯರ್ ತಂದಾಗ ಅದೇ ಡಿಸ್ಕ್ ಬಳಸಿ. ಆದರೆ ಬೆಲೆ ಐದರಿಂದ ಹತ್ತು ಡಾಲರ್ ಹೆಚ್ಚು. ಆಗಲೇ ಎಚ್‌ಡಿ ಪ್ಲೇಯರ್ ಇದ್ದವರಿಗೆ ಬೇಡದ ಬದಿಗೆ ಹಣ ಕೊಡುವ ಗತಿ ಬಂತು. ಮೊದಲು ಬಂದ ನಿಷ್ಠ ಗ್ರಾಹಕನಿಂದಲೇ ಹೆಚ್ಚು ವಸೂಲಿ ಮಾಡಿದಂತಾಯಿತು.

ಕೊನೆಗೂ ಯುದ್ಧ ಮುಗಿಸಿದ್ದು ಚಿತ್ರಗಳ ಪಟ್ಟಿ

ಪ್ಲೇಯರ್ ಎಷ್ಟೇ ಅಗ್ಗವಾದರೂ ಬೇಕಾದ ಚಿತ್ರ ಅದರಲ್ಲಿ ಬಾರದಿದ್ದರೆ ಏನು ಪ್ರಯೋಜನ? ಸೋನಿ, ಡಿಸ್ನಿ, ಫಾಕ್ಸ್ ಸ್ಟುಡಿಯೊಗಳು ಬ್ಲೂ-ರೇ ಬಣದಲ್ಲಿದ್ದವು. ಯೂನಿವರ್ಸಲ್ ಎಚ್‌ಡಿ ಡಿವಿಡಿ ಕಡೆ. 2007ರ ಆಗಸ್ಟ್‌ನಲ್ಲಿ ಪ್ಯಾರಾಮೌಂಟ್ ಮತ್ತು ಡ್ರೀಮ್‌ವರ್ಕ್ಸ್ ಆ್ಯನಿಮೇಷನ್ ಕೂಡ ಎಚ್‌ಡಿ ಡಿವಿಡಿಗೆ ಸೇರಿದವು. ಇದಕ್ಕೆ ಸುಮಾರು 15 ಕೋಟಿ ಡಾಲರ್ ಮೌಲ್ಯದ ಉತ್ತೇಜನ ಸಿಕ್ಕಿತ್ತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಗ್ರಾಹಕರಿಗೆ ರಿಯಾಯಿತಿ ಇದ್ದಂತೆ ಸ್ಟುಡಿಯೊಗಳಿಗೂ ಕೊಡುಗೆ ಇತ್ತು ಎನ್ನಬಹುದು.

ಎರಡೂ ರೂಪದಲ್ಲಿ ಚಿತ್ರ ತರುತ್ತಿದ್ದ ದೊಡ್ಡ ಸ್ಟುಡಿಯೊ ವಾರ್ನರ್ ಮಾತ್ರ. 2008ರ ಜನವರಿ 4ರಂದು ಅದು ಬ್ಲೂ-ರೇ ಕಡೆ ವಾಲಿತು. ಫೆಬ್ರುವರಿ 11ರಂದು ನೆಟ್‌ಫ್ಲಿಕ್ಸ್ ಮತ್ತು ಬೆಸ್ಟ್ ಬೈ, 15ರಂದು ವಾಲ್‌ಮಾರ್ಟ್ ಅದೇ ಹಾದಿ ಹಿಡಿದವು. ನೂರು ಡಾಲರ್‌ಗೆ ಎಚ್‌ಡಿ ಡಿವಿಡಿ ಪ್ಲೇಯರ್ ಮಾರಿದ ವಾಲ್‌ಮಾರ್ಟೇ ಕೈಬಿಟ್ಟ ನಾಲ್ಕು ದಿನಕ್ಕೆ ತೋಷಿಬಾ ಸೋಲೊಪ್ಪಿಕೊಂಡಿತು.

ಕೊಂಡವರ ಗತಿ? ಬೆಸ್ಟ್ ಬೈ ತನ್ನಲ್ಲಿ ಎಚ್‌ಡಿ ಡಿವಿಡಿ ಪ್ಲೇಯರ್ ಕೊಂಡವರಿಗೆ 50 ಡಾಲರ್ ಗಿಫ್ಟ್ ಕಾರ್ಡ್ ಕೊಟ್ಟಿತು. ವಾರ್ನರ್ 2009ರಲ್ಲಿ ತನ್ನ ಎಚ್‌ಡಿ ಡಿವಿಡಿಗೆ ಬದಲಾಗಿ, ಪ್ರತಿ ಚಿತ್ರಕ್ಕೆ 4.95 ಡಾಲರ್ ಮತ್ತು ಸಾಗಣೆ ವೆಚ್ಚ ಪಡೆದು, ಬ್ಲೂ-ರೇ ನೀಡುವ ಯೋಜನೆ ತಂದಿತು. ಇವೆಲ್ಲ ಉಪಕಾರ ಮಾತ್ರವಲ್ಲ. ಒಮ್ಮೆ ಪೆಟ್ಟು ತಿಂದವನು ಮತ್ತೆ ಹೊಸ ಡಿಸ್ಕ್ ಕೊಳ್ಳಲು ಹೆದರುತ್ತಾನೆ, ಆ ಹೆದರಿಕೆ ಕಳೆಯಬೇಕು ಎಂಬ ಲೆಕ್ಕವೂ ಇತ್ತು.

ಗೆದ್ದ ಮೇಲೆ ಎದುರಾಳಿ ಡಿವಿಡಿ

ಪೈಪೋಟಿ ಮುಗಿದ ಕೂಡಲೇ ಬ್ಲೂ-ರೇ ಪ್ಲೇಯರ್ ಬೆಲೆ ಇಳಿಯಲಿಲ್ಲ. 2008ರ ಆರಂಭದಲ್ಲಿ ಕೆಲವು ಮಾದರಿಗಳ ಬೆಲೆ ಏರಿದ್ದೂ ಉಂಟು. ಜನ ಡಿವಿಡಿಯಲ್ಲೇ ಉಳಿದರು. ವರ್ಷಾಂತ್ಯದ ಹಬ್ಬದ ಮಾರಾಟದಲ್ಲಿ ಬೆಲೆ 200 ಡಾಲರ್ ಒಳಗೆ ಬಂತು. 2009ರ 'ಬ್ಲ್ಯಾಕ್ ಫ್ರೈಡೇ' ದಿನ ವಾಲ್‌ಮಾರ್ಟ್‌ನಲ್ಲಿ 78 ಡಾಲರ್‌ಗೆ ಬ್ಲೂ-ರೇ ಪ್ಲೇಯರ್ ಸಿಕ್ಕಿತು.

ಬಾಡಿಗೆಯಲ್ಲೂ ಬೆಲೆಯ ಅಂತರ ಇತ್ತು. ಅಂಚೆಯಲ್ಲಿ ಡಿಸ್ಕ್ ಕಳುಹಿಸುತ್ತಿದ್ದ ನೆಟ್‌ಫ್ಲಿಕ್ಸ್ 2008ರ ನವೆಂಬರ್‌ನಿಂದ ಬ್ಲೂ-ರೇ ಬೇಕೆನ್ನುವವರಿಂದ ತಿಂಗಳಿಗೆ ಒಂದು ಡಾಲರ್ ಹೆಚ್ಚುವರಿ ಪಡೆಯಿತು. ಯಂತ್ರದ ಮೂಲಕ ಬಾಡಿಗೆ ಕೊಡುತ್ತಿದ್ದ ರೆಡ್‌ಬಾಕ್ಸ್‌ನಲ್ಲಿ ಡಿವಿಡಿಗೆ ದಿನಕ್ಕೆ ಒಂದು ಡಾಲರ್ ಇದ್ದಾಗ ಬ್ಲೂ-ರೇಗೆ ಒಂದೂವರೆ ಡಾಲರ್.

ಡಿಸ್ನಿ ಜಾಣತನ ತೋರಿತು. ಬ್ಲೂ-ರೇ ಮತ್ತು ಡಿವಿಡಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು, ಪ್ಲೇಯರ್ ಇನ್ನೂ ಇಲ್ಲದ ಮನೆಗಳನ್ನೇ ಗುರಿಯಾಗಿಸಿತು. 2009ರಲ್ಲಿ 'ಸ್ನೋ ವೈಟ್' ಚಿತ್ರದ ಈ ಜೋಡಿ ಪೆಟ್ಟಿಗೆ ಅಕ್ಟೋಬರ್‌ನಲ್ಲೇ ಬಂತು. ಡಿವಿಡಿ ಮಾತ್ರ ಬೇಕೆಂದವರು ನವೆಂಬರ್ ಕೊನೆಯ ತನಕ ಕಾಯಬೇಕಾಯಿತು. ಎಚ್‌ಡಿ ಡಿವಿಡಿಯ ಕಾಂಬೊ ಎಡವಿದ ಕಡೆ ಇದು ಎಡವಲಿಲ್ಲ. ಕಾರಿನಲ್ಲಿ, ಮಕ್ಕಳ ಕೋಣೆಯಲ್ಲಿ ಡಿವಿಡಿ, ಹಾಲ್‌ನ ದೊಡ್ಡ ಟಿವಿಗೆ ಬ್ಲೂ-ರೇ ಎಂದು ಎರಡು ಡಿಸ್ಕ್‌ಗೂ ಉಪಯೋಗ ಇತ್ತು.

ಎಲ್ಲ ಕೊಡುಗೆಗಳೂ ಕೆಲಸ ಮಾಡಲಿಲ್ಲ. 'ಅವತಾರ್' ಚಿತ್ರದ 3ಡಿ ಬ್ಲೂ-ರೇ 2010ರ ಕೊನೆಯಿಂದ 2012ರ ಆರಂಭದ ತನಕ ಪ್ಯಾನಸೋನಿಕ್ ಉಪಕರಣ ಕೊಂಡವರಿಗೆ ಮಾತ್ರ ಮೀಸಲಾಗಿತ್ತು. ಎಲ್ಲರೂ ನೋಡಬಯಸಿದ 3ಡಿ ಚಿತ್ರವೇ ಬೇರೆ ಕಂಪನಿಯ 3ಡಿ ಟಿವಿ ಕೊಂಡವರಿಗೆ ಅಂಗಡಿಯಲ್ಲಿ ಸಿಗಲಿಲ್ಲ. ಒಂದು ಕಂಪನಿಯ ಮಾರಾಟಕ್ಕೆ ಅನುಕೂಲವಾದದ್ದು ಒಟ್ಟು ತಂತ್ರಜ್ಞಾನದ ಪ್ರಸಾರಕ್ಕೆ ತೊಡಕಾಯಿತು.

ಭಾರತದಲ್ಲಿ 34 ರೂಪಾಯಿಯ ಸವಾಲು

ಅಮೆರಿಕದಲ್ಲಿ ಈ ಸಮರ ನಡೆಯುತ್ತಿದ್ದ ಹೊತ್ತಿಗೇ ನಮ್ಮಲ್ಲಿ ಬೇರೆಯೇ ಬೆಲೆ ಕ್ರಾಂತಿ ನಡೆದಿತ್ತು. ದೆಹಲಿ ಮೂಲದ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿತು. ಖಾಲಿ ಡಿಸ್ಕ್ ತಯಾರಿಕೆಯಲ್ಲಿ ವಿಶ್ವದ ದೊಡ್ಡ ಕಂಪನಿಗಳಲ್ಲಿ ಒಂದಾಗಿದ್ದ ಅದಕ್ಕೆ ತಯಾರಿಕಾ ವೆಚ್ಚ ಕಡಿಮೆ. ಗುರಿ ಸ್ಪಷ್ಟವಿತ್ತು: ಮುಂಬೈ, ದೆಹಲಿ, ಚೆನ್ನೈ, ಬೆಂಗಳೂರಿನ ಫುಟ್‌ಪಾತ್‌ಗಳಲ್ಲಿ ಸಿಗುವ ನಕಲಿ ಡಿಸ್ಕಿನ ಬೆಲೆಗೇ ಅಸಲಿ ಡಿಸ್ಕ್ ಕೊಟ್ಟರೆ ಜನ ಅಸಲಿಯನ್ನೇ ಕೊಳ್ಳುತ್ತಾರೆ. ಅಲ್ಲಿಯ ತನಕ ಅಸಲಿ ಡಿವಿಡಿಗೆ ನೂರಾರು ರೂಪಾಯಿ ಕೊಡಬೇಕಿದ್ದವರಿಗೆ ದಿನಸಿ ಅಂಗಡಿಯಲ್ಲೂ ಚಿತ್ರ ಸಿಗತೊಡಗಿತು.

ಗ್ರಾಹಕನಿಗೆ ಇದು ಒಳ್ಳೆಯದೇ. ಆದರೆ ಎಚ್‌ಡಿಗೆ ದಾರಿ ಕಠಿಣವಾಯಿತು. ಪ್ಲೇಸ್ಟೇಷನ್ 3 ಭಾರತಕ್ಕೆ 2007ರ ಏಪ್ರಿಲ್‌ನಲ್ಲಿ ಬಂದಾಗ ಬೆಲೆ 39,990 ರೂಪಾಯಿ. ಬ್ಲೂ-ರೇ ಡಿಸ್ಕಿಗೆ ನೂರಾರು ರೂಪಾಯಿ, ಆರಂಭದಲ್ಲಿ ಸಾವಿರದ ಮೇಲೂ ಇತ್ತು. ಒಂದು ಬ್ಲೂ-ರೇ ಹಣಕ್ಕೆ ಹತ್ತು-ಹದಿನೈದು ಡಿವಿಡಿ ಬರುವಾಗ, ಮನೆಯಲ್ಲಿ ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಇರುವಾಗ, 1080 ಗೆರೆಗಳಿಗಾಗಿ ಯಾರು ಖರ್ಚು ಮಾಡುತ್ತಾರೆ? ಅಮೆರಿಕದಲ್ಲಿ ಡಿವಿಡಿ ಮತ್ತು ಬ್ಲೂ-ರೇ ಬೆಲೆಯ ಅಂತರ ಒಂದೂವರೆ-ಎರಡು ಪಟ್ಟು. ಇಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಯಾವ ಹಬ್ಬದ ರಿಯಾಯಿತಿಯೂ ಈ ಕಂದಕವನ್ನು ಮುಚ್ಚಲಾರದು.

ಕೊನೆಗೆ ಅಗ್ಗದ ಡಿಸ್ಕ್ ಕೂಡ ಉಳಿಯಲಿಲ್ಲ. ಮುಂಬೈ ಕಾಲಾ ಘೋಡಾದ ಹೆಸರಾಂತ ರಿದಮ್ ಹೌಸ್ ಮಳಿಗೆ 2016ರಲ್ಲಿ ಬಾಗಿಲು ಹಾಕಿತು. ಮೋಸರ್ ಬೇರ್ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಸಮಾಪನದ ಆದೇಶಕ್ಕೆ ಒಳಗಾಯಿತು. ಭಾರತದ ಬಹುತೇಕ ಮನೆಗಳು ಬ್ಲೂ-ರೇಯನ್ನು ನೋಡದೆಯೇ ಡಿವಿಡಿಯಿಂದ ನೇರವಾಗಿ ಮೊಬೈಲ್ ಡೇಟಾ ಮತ್ತು ಒಟಿಟಿಗೆ ಜಿಗಿದವು.

ಈಗ ಡಿಸ್ಕ್ ಯಾರಿಗೆ?

4ಕೆ ಬ್ಲೂ-ರೇ 2016ರಲ್ಲಿ ಬಂತು. ಆಗಲೂ ಪ್ಲೇಯರ್‌ಗಳು 399 ಡಾಲರ್ ಸುಮಾರಿಗೆ ಇದ್ದಾಗ, ಆಟದ ಯಂತ್ರ ಎಕ್ಸ್‌ಬಾಕ್ಸ್ ಒನ್ ಎಸ್ 299 ಡಾಲರ್‌ಗೆ 4ಕೆ ಡಿಸ್ಕ್ ಓದುವ ಸೌಲಭ್ಯ ನೀಡಿತು. ಆದರೆ ಈ ಹೊತ್ತಿಗೆ ಎದುರಾಳಿ ತಿಂಗಳ ಚಂದಾ. ಒಂದು ಡಿಸ್ಕ್ ಬೆಲೆಗೆ ತಿಂಗಳಿಡೀ ನೂರಾರು ಚಿತ್ರ. ನೆಟ್‌ಫ್ಲಿಕ್ಸ್ ತನ್ನ ಅಂಚೆ ಡಿಸ್ಕ್ ಸೇವೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿತು. ಬೆಸ್ಟ್ ಬೈ 2024ರಲ್ಲಿ ಡಿಸ್ಕ್ ಮಾರಾಟದಿಂದ ಹೊರಬಂತು.

ಉಳಿದಿರುವುದು ಸಂಗ್ರಹಕಾರರ ಮಾರುಕಟ್ಟೆ. ಅಲ್ಲಿನ ರಿಯಾಯಿತಿಯ ರೀತಿಯೇ ಬೇರೆ. ಹಳೆಯ ಶ್ರೇಷ್ಠ ಚಿತ್ರಗಳನ್ನು ತರುವ ಕ್ರೈಟೀರಿಯನ್ ಡಿಸ್ಕ್‌ಗಳು ಅಮೆರಿಕದ ಬಾರ್ನ್ಸ್ ಆ್ಯಂಡ್ ನೋಬಲ್ ಮಳಿಗೆಯಲ್ಲಿ ವರ್ಷಕ್ಕೆ ಎರಡು ಬಾರಿ ಅರ್ಧ ಬೆಲೆಗೆ ಸಿಗುತ್ತವೆ. ಅಭಿಮಾನಿಗಳು ಅದಕ್ಕೇ ಕಾದು ಕೊಳ್ಳುತ್ತಾರೆ. ಪದೇ ಪದೇ ಬರುವ ರಿಯಾಯಿತಿ ಗ್ರಾಹಕನಿಗೆ ಕಾಯುವುದನ್ನು ಕಲಿಸುತ್ತದೆ. ಪೂರ್ಣ ಬೆಲೆಗೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಮಾರುವವರಿಗೆ ಇದೊಂದು ಇಕ್ಕಟ್ಟು.

ಕೊಳ್ಳುವ ಮುನ್ನ ಗಮನಿಸಿ

* ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ರಿಯಾಯಿತಿಯ ಬ್ಲೂ-ರೇ ತರಿಸುವುದಾದರೆ ಪ್ರದೇಶ ಸಂಕೇತ ನೋಡಿ. ಅಮೆರಿಕ 'ಎ' ವಲಯ, ಭಾರತ 'ಸಿ' ವಲಯ. 'ಎ'ಗೆ ಮಾತ್ರ ಎಂದಿರುವ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡದು. 4ಕೆ ಬ್ಲೂ-ರೇ ಡಿಸ್ಕ್‌ಗೆ ಈ ನಿರ್ಬಂಧ ಇಲ್ಲ.
* ಪೆಟ್ಟಿಗೆಯಲ್ಲಿ ಬರುವ ಡಿಜಿಟಲ್ ಕೋಡ್ ಸಾಮಾನ್ಯವಾಗಿ ಆಯಾ ದೇಶದಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೆಂದು ಹೆಚ್ಚು ಬೆಲೆ ಕೊಡಬೇಡಿ.
* ಪ್ಲೇಯರ್ ಬೆಲೆಗೆ ಮರುಳಾಗುವ ಮೊದಲು, ನಿಮಗೆ ಬೇಕಾದ ಹತ್ತು ಚಿತ್ರಗಳು ಆ ಡಿಸ್ಕಿನಲ್ಲಿ ಬಂದಿವೆಯೇ, ಅವುಗಳ ಒಟ್ಟು ಬೆಲೆ ಎಷ್ಟು ಎಂದು ಬರೆದುಕೊಳ್ಳಿ.
* ಉಚಿತ ಕೊಡುಗೆ ಇದ್ದರೆ ಪಟ್ಟಿಯಲ್ಲಿ ಯಾವ ಚಿತ್ರಗಳಿವೆ, ಕೊನೆಯ ದಿನ ಯಾವುದು, ಭಾರತದ ವಿಳಾಸಕ್ಕೆ ಕಳುಹಿಸುತ್ತಾರೆಯೇ ಎಂದು ಮೊದಲೇ ಓದಿ.
* ತಯಾರಕರು ತರಾತುರಿಯಲ್ಲಿ ಭಾರೀ ಬೆಲೆ ಇಳಿಸಿದರೆ ಕಾರಣ ಹುಡುಕಿ. ಅದು ಹಬ್ಬದ ಕೊಡುಗೆಯೋ, ದಾಸ್ತಾನು ಖಾಲಿ ಮಾಡುವ ಆತುರವೋ?

2007ರ ನವೆಂಬರ್‌ನಲ್ಲಿ 98.87 ಡಾಲರ್ ಕೊಟ್ಟವರು ಕೊನೆಯ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಅವರಿಗೆ ಪ್ಲೇಯರ್ ಅಗ್ಗವಾಗಿಯೇ ಸಿಕ್ಕಿತು. ಅದರಲ್ಲಿ ಹಾಕಿ ನೋಡಲು ಮುಂದೆ ಡಿಸ್ಕ್ ಬರಲಿಲ್ಲ, ಅಷ್ಟೇ.